ಉಡಿ ತುಂಬಿದವರೆಲ್ಲ ವೋಟು ಹಾಕಲಿಲ್ಲ

ನಾನು ಒಂದು ಸಲ ಚುನಾವಣೆಗೆ ನಿಂತಿದ್ದೆ. ನಿಂತಿದ್ದೆ ಅನ್ನುವುದಕ್ಕಿಂತ ನನ್ನನ್ನು ನಿಲ್ಲಿಸಿದ್ದರು ಅನ್ನುವುದೇ ಸರಿ. ಬ್ಯಾಡಗಿ ಪುರಸಭೆಯ ನಮ್ಮ ವಾರ್ಡು ಆ ಸಲ ಮಹಿಳೆಯರಿಗೆ ಮೀಸಲಾಗಿತ್ತು. ಸುದ್ದಿ ಬಂದ ದಿನ ನಮ್ಮ ಯಜಮಾನರು ದಲಾಲಿ ಅಂಗಡಿಯಿಂದ ಬೇಗ ಬಂದು, ಮುಖ ಸಣ್ಣದು ಮಾಡಿಕೊಂಡು ಪಡಸಾಲೆಯಲ್ಲಿ ಕೂತರು. ಮೆಂಬರ್ ಆಗಬೇಕೆಂಬ ಆಸೆ ಅವರಿಗೆ ಎಷ್ಟೋ ವರ್ಷಗಳಿಂದ ಇತ್ತು. ಮೆಣಸಿನಕಾಯಿ ಸುಗ್ಗಿ ಮುಗಿದು ಪೇಟೆ ತಣ್ಣಗಾಗಿದ್ದ ದಿನಗಳವು. ಆ ತಿಂಗಳುಗಳಲ್ಲಿ ನಮ್ಮೂರ ಗಂಡಸರ ಕೈ ಖಾಲಿ ಇರುತ್ತದೆ, ತಲೆಗೆ ಏನಾದರೂ ಕೆಲಸ ಬೇಕಾಗುತ್ತದೆ. ಚಹಾ ಮುಗಿಯುವ ಹೊತ್ತಿಗೆ ಅವರ ಮುಖ ಮತ್ತೆ ಅರಳಿತು. ನನ್ನತ್ತ ತಿರುಗಿ ಮೇಲಿನಿಂದ ಕೆಳಗಿನವರೆಗೆ ನೋಡಿದರು. ರಾಣೆಬೆನ್ನೂರಿನ ನಮ್ಮ ತವರಿಗೆ ಕನ್ಯೆ ನೋಡಲು ಬಂದ ದಿನ ಬಿಟ್ಟರೆ, ಅವರು ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ.

"ಈ ಸಲ ವಾರ್ಡಿಗೆ ನೀ ನಿಂದ್ರು," ಅಂದರು.

"ನನಗೇನು ತಿಳೀತೈತ್ರಿ ಅದರಾಗ?"

"ತಿಳಿಯೂದೇನೈತಿ? ನೀ ಬರೇ ಕೈ ಮುಗಿ. ಉಳಿದದ್ದು ನಾ ನೋಡ್ಕೊಂತೀನಿ."

ಬಾಗಿಲ ಹತ್ತಿರ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ನಮ್ಮ ಅತ್ತೆ ತಲೆಯೆತ್ತಲೂ ಇಲ್ಲ. "ಹಂಗಾದ್ರ ಅಡಗಿನೂ ನೀನ ನೋಡ್ಕೊ," ಅಂದರು ಮಗನಿಗೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. ಆಗಲೇ ಫೋನ್ ಹಚ್ಚುತ್ತಿದ್ದರು.

ನಾನು ಹೆಚ್ಚು ತಕರಾರು ಮಾಡಲಿಲ್ಲ. ಬೇಡ ಅಂದರೆ ಮನೆಯಲ್ಲಿ ತಿಂಗಳುಗಟ್ಟಲೆ ಮುಖ ಊದಿಸಿಕೊಂಡು ಓಡಾಡುತ್ತಾರೆ, ಹೂಂ ಅಂದರೆ ನಾಲ್ಕು ದಿನ ಕೈ ಮುಗಿದು ಬಂದರಾಯಿತು ಅಂದುಕೊಂಡೆ. ಎರಡು ದಿನ ಕಳೆದ ಮೇಲೆ ಇನ್ನೊಂದು ಸುದ್ದಿ ಬಂತು. ಎದುರು ಪಕ್ಷದಿಂದ ನಿಂತವರು ನಮ್ಮ ಎದುರು ಮನೆಯ ಅಕ್ಕ. ಅದನ್ನು ಕೇಳಿ ಕೈಯಲ್ಲಿದ್ದ ಹಿಟ್ಟಿನ ಡಬ್ಬಿ ಹಾಗೇ ಹಿಡಿದುಕೊಂಡು ಕೂತುಬಿಟ್ಟೆ.

ಅಕ್ಕ ಅಂದರೆ ಸಂಬಂಧಿಕರಲ್ಲ, ಆದರೆ ಸಂಬಂಧಿಕರು ಯಾರೂ ನನಗೆ ಅಷ್ಟು ಆದವರಲ್ಲ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವರಿರಬಹುದು. ಅವರ ಯಜಮಾನರದು ಗೋಣಿಚೀಲದ ವ್ಯಾಪಾರ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಕಣ್ಣೀರು ಹಾಕುತ್ತಿದ್ದಾಗ, ತವರು ನೆನೆದು ಅಳುತ್ತಿದ್ದಾಳೆಂದು ಇಡೀ ಓಣಿ ಮರುಗಿತ್ತು. ಅಕ್ಕ ಒಬ್ಬರೇ ಬಂದು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಲು ಹೇಳಿಕೊಟ್ಟು ಹೋದರು. ನನ್ನ ಮಗಳು ಹುಟ್ಟಿದಾಗ ಕೂಸಿಗೆ ನೀರೆರೆದವರು ಅವರು. ಅವರಿಗೆ ಹೊಟ್ಟೆಯ ಆಪರೇಷನ್ ಆದಾಗ ಹಾವೇರಿ ಆಸ್ಪತ್ರೆಯಲ್ಲಿ ಹತ್ತಿರ ಮಲಗಿದವಳು ನಾನು. ಎಂಟೂವರೆಗೆ ಧಾರಾವಾಹಿ ಶುರುವಾಗುವ ಮೊದಲೇ ಉಳಿದ ಕೆಲಸದ ಬುಟ್ಟಿ ಎತ್ತಿಕೊಂಡು ನಾನು ಅವರ ಮನೆಗೆ ಹೋಗುತ್ತಿದ್ದೆ. ಇಬ್ಬರೂ ಅವರೆಕಾಯಿ ಬಿಡಿಸುತ್ತಲೋ ಅಕ್ಕಿ ಆರಿಸುತ್ತಲೋ, ಪರದೆಯ ಮೇಲಿನ ಅತ್ತೆಗೆ ಶಾಪ ಹಾಕುತ್ತ ಕೂರುತ್ತಿದ್ದೆವು. ಆ ಅತ್ತೆ ಮಲಗುವಾಗಲೂ ರೇಷ್ಮೆ ಸೀರೆ ಉಟ್ಟಿರುತ್ತಿದ್ದಳು. "ಈಕಿ ಒಂದು ದಿನಾನೂ ಭಾಂಡೆ ತಿಕ್ಕಿಲ್ಲ ನೋಡ, ಅದಕ್ಕ ಕೆಟ್ಟ ವಿಚಾರ ಮಾಡಾಕ ಹೊತ್ತು ಸಿಗತೈತಿ," ಅನ್ನುತ್ತಿದ್ದರು ಅಕ್ಕ.

ಚುನಾವಣೆಯಲ್ಲಿ ಸೋಲು ಗೆಲುವು ಏನಾದರೂ ಆಗಲಿ, ನನಗೆ ಹೆದರಿಕೆ ಹುಟ್ಟಿದ್ದು ಅಕ್ಕನ ಮನೆಯ ಬಾಗಿಲು ಮುಚ್ಚಿ ಹೋದೀತೆಂದು. ಯಾಕೆಂದರೆ ಕಣ್ಣ ಮುಂದೆ ಉದಾಹರಣೆ ಇತ್ತು. ಹಿಂದಿನ ಓಣಿಯಲ್ಲಿ ಎರಡು ಮನೆಗಳು ಹಳೆಯ ಒಂದು ಚುನಾವಣೆಯಲ್ಲಿ ಎದುರುಬದುರಾಗಿ ನಿಂತವು. ಆಮೇಲೆ ಮಾತು ಬಿಟ್ಟರು. ಮದುವೆಗೆ ಕರೆಯಲಿಲ್ಲ, ಒಂದು ಮನೆಯ ಅಜ್ಜಿ ತೀರಿಕೊಂಡಾಗ ಇನ್ನೊಂದು ಮನೆಯವರು ಕಿಟಕಿ ಹಾಕಿಕೊಂಡು ಒಳಗೇ ಉಳಿದರು. ಗೆದ್ದವರು ಯಾರು, ಯಾವ ಪಕ್ಷ ಅನ್ನುವುದು ಊರಿಗೆ ಮರೆತೇ ಹೋಗಿತ್ತು. ಮಾತು ಬಿಟ್ಟದ್ದು ಮಾತ್ರ ಹಾಗೇ ಉಳಿದಿತ್ತು.

ನಮ್ಮ ಮನೆಯಲ್ಲೂ ಫರ್ಮಾನು ಹೊರಟಿತು. "ಎದುರು ಮನಿಗೆ ಹೋಗೂದು ಬಂದ್. ಜನ ನೋಡ್ತಾರ, ಹೊಂದಾಣಿಕಿ ಅಂತಾರ," ಅಂದರು ಯಜಮಾನರು. ಅಕ್ಕನ ಮನೆಯಲ್ಲೂ ಅದೇ ಮಾತು ಆಗಿತ್ತೆಂದು ಮರುದಿನವೇ ಗೊತ್ತಾಯಿತು. ಹೇಗೆ ಗೊತ್ತಾಯಿತೆಂದರೆ ತರಕಾರಿ ಮಾರುವಾಕೆಯ ಮೂಲಕ. ಆಕೆ ಬುಟ್ಟಿ ಇಳಿಸುತ್ತಿದ್ದದ್ದು ಎರಡೂ ಮನೆಗಳ ನಡುವೆ. ನಾನು ಈ ಕಡೆ ಕಟ್ಟೆಯ ಮೇಲೆ, ಅಕ್ಕ ಆ ಕಡೆ ಕಟ್ಟೆಯ ಮೇಲೆ.

"ನಮ್ಮ ಮನಿಯವರು ಮಾತಾಡಬ್ಯಾಡ ಅಂದಾರವಾ," ಎಂದು ಅಕ್ಕ ಬದನೆಕಾಯಿ ಒತ್ತಿ ನೋಡುತ್ತ ಆಕೆಗೆ ಹೇಳಿದರು.

"ನಮ್ಮ ಮನ್ಯಾಗೂ ಹಂಗ ಆಗೇತಿ," ಎಂದು ನಾನೂ ಆಕೆಗೇ ಹೇಳಿದೆ.

"ಮತ್ತ ನಿನ್ನಿ ಆ ಸಣ್ಣ ಸೊಸಿ ಮನಿ ಬಿಟ್ಟು ಹೋದ್ಲಲ್ಲ, ತಿರುಗಿ ಬರ್ತಾಳೇನು?"

"ಬರ್ತಾಳ. ತಾಳಿ ಬಿಟ್ಟು ಹೋಗ್ಯಾಳಲ್ಲ, ಅದನ್ನು ತಗೊಳ್ಳಾಕ ಬಂದ ಬರ್ತಾಳ."

ಧಾರಾವಾಹಿಯ ಸೊಸೆಯೆಂದು ತಿಳಿಯದ ತರಕಾರಿಯಾಕೆ ನಮ್ಮಿಬ್ಬರ ಮುಖ ನೋಡಿ ಹೌಹಾರಿ, "ಯಾರ ಮನ್ಯಾಗ್ರೀ ಯವ್ವಾ?" ಅಂದಳು. ಇಬ್ಬರೂ ಬಾಯಿಗೆ ಸೆರಗು ಹಿಡಿದುಕೊಂಡು ಒಳಗೆ ಓಡಿದೆವು.

ಗಂಡಸರು ನಮ್ಮ ಧಾರಾವಾಹಿಗಳನ್ನು ಹಂಗಿಸುತ್ತಿದ್ದ ಕಾಲ ಅದು. ಆದರೆ ಅವರು ನೋಡುತ್ತಿದ್ದದ್ದು ಬೇರೇನೂ ಆಗಿರಲಿಲ್ಲ. ದಿನವಿಡೀ ಸುದ್ದಿ ಹಾಕುವ ಚಾನೆಲ್ಲುಗಳು ಹೊಸದಾಗಿ ಬಂದಿದ್ದವು. ಬೆಂಗಳೂರಿನಲ್ಲಿ ಯಾರು ಯಾರ ಜೊತೆ ಸೇರಿದರು, ಯಾರು ಮುನಿಸಿಕೊಂಡು ರೆಸಾರ್ಟಿಗೆ ಹೋದರು, ಯಾರು ಕಣ್ಣೀರು ಹಾಕಿದರು ಎಂಬುದನ್ನು ನಮ್ಮ ಯಜಮಾನರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ನಡುನಡುವೆ ಅದೇ ಢಂ ಢಂ ಸಂಗೀತ, ಅದೇ ಮುಖವನ್ನು ಮೂರು ಮೂರು ಸಲ ತೋರಿಸುವುದು. ಮುನಿಸಿಕೊಂಡು ತವರಿಗೆ ಹೋದ ಸೊಸೆಗೂ ಮುನಿಸಿಕೊಂಡು ರೆಸಾರ್ಟಿಗೆ ಹೋದ ಶಾಸಕನಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಸೊಸೆ ಕನಿಷ್ಠ ಕೂಸನ್ನಾದರೂ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು.

ಪ್ರಚಾರಕ್ಕೆ ಫೋಟೋ ಬೇಕಾಯಿತು. ಹಾವೇರಿಯ ಸ್ಟುಡಿಯೋಕ್ಕೆ ಹೋದೆವು. "ಕೈ ಮುಗೀರಿ. ಸ್ವಲ್ಪ ನಗ್ರಿ. ಅಷ್ಟ ಬ್ಯಾಡ್ರಿ," ಎಂದು ಫೋಟೋದವ ನನ್ನನ್ನು ಒಂದು ತಾಸು ಸತಾಯಿಸಿದ. ಬ್ಯಾನರು ಬಂದಾಗ ನೋಡಿದರೆ, ಎಡಗಡೆ ನಾನು ಕೈ ಮುಗಿದುಕೊಂಡು ಹೆದರಿದ ಮುಖದಲ್ಲಿ ನಿಂತಿದ್ದೇನೆ. ಬಲಗಡೆ ನನಗಿಂತ ಎರಡು ಪಟ್ಟು ದೊಡ್ಡವರಾಗಿ ನಮ್ಮ ಯಜಮಾನರು, ಹೊಸ ಬಿಳಿ ಅಂಗಿಯಲ್ಲಿ, ಕಿವಿಗೆ ಮೊಬೈಲ್ ಹಿಡಿದುಕೊಂಡು ನಗುತ್ತಿದ್ದಾರೆ. ಸುತ್ತಲೂ ಹತ್ತಾರು ಗಂಡಸರ ಸಣ್ಣ ಸಣ್ಣ ತಲೆಗಳು. ಮೇಲೆ ಅವರ ಹೆಸರು ದೊಡ್ಡದಾಗಿ, ಅದರ ಕೆಳಗೆ 'ಇವರ ಧರ್ಮಪತ್ನಿ' ಎಂದು ನನ್ನ ಹೆಸರು. ಎದುರು ಮನೆಯ ಗೋಡೆಗೆ ಅಕ್ಕನ ಬ್ಯಾನರು ಬಿತ್ತು. ಅದರಲ್ಲೂ ಹಾಗೇ. ನಮ್ಮ ಬಾಗಿಲಲ್ಲಿ ನಿಂತು ನೋಡಿದರೆ ನಮ್ಮಿಬ್ಬರ ಗಂಡಂದಿರು ಓಣಿಯ ಎರಡೂ ಕಡೆಯಿಂದ ಒಬ್ಬರನ್ನೊಬ್ಬರು ನೋಡಿ ನಗುತ್ತಿರುವಂತೆ ಕಾಣುತ್ತಿತ್ತು. ಖರೇ ಓಣಿಯಲ್ಲಿ ಅವರಿಬ್ಬರೂ ಎದುರಾದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಇನ್ನು ಮನೆ ಮನೆ ತಿರುಗಾಟ. ನಾನು, ನನ್ನ ಹಿಂದೆ ನಾಲ್ಕೈದು ಹೆಣ್ಣುಮಕ್ಕಳು, ಅವರ ಹಿಂದೆ ಗಂಡಸರ ದಂಡು. ಬಾಗಿಲಿಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸುವ ಪದ್ಧತಿ ನಮ್ಮ ಕಡೆ ಇಲ್ಲ. ನಾನು ಕೈ ಮುಗಿದು ವೋಟು ಕೇಳುವ ಮೊದಲೇ ಮನೆಯ ಹೆಣ್ಣುಮಕ್ಕಳು ಮಣೆ ಹಾಕುತ್ತಿದ್ದರು. ಹಣೆಗೆ ಕುಂಕುಮ ಹಚ್ಚಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಪ್ಪಸದ ಒಂದು ಖಣ ಹಾಕಿ ಉಡಿ ತುಂಬುತ್ತಿದ್ದರು. ಮುಸಲ್ಮಾನರ ಮನೆಗಳಲ್ಲಿ ಶರಬತ್ತು ಕೊಟ್ಟು, ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಿಂದಿನಿಂದ ಒಬ್ಬಾಕೆ ಚೀಲ ಹೊತ್ತುಕೊಂಡು ಬರಬೇಕಾಯಿತು.

ಸಂಜೆ ಆ ಚೀಲವನ್ನು ಪಡಸಾಲೆಯಲ್ಲಿ ಸುರುವಿದಾಗ ನಮ್ಮ ಯಜಮಾನರ ಸಂತೋಷ ಹೇಳತೀರದು. ಅವರೂ ಅವರ ಪಕ್ಷದವರೂ ಮಂಡಕ್ಕಿ ಮಿರ್ಚಿ ತಿನ್ನುತ್ತ, ಖಣದ ರಾಶಿ ನೋಡಿ ಲೆಕ್ಕ ಹಾಕತೊಡಗಿದರು.

"ಇಷ್ಟು ಮನಿಯವರು ಉಡಿ ತುಂಬ್ಯಾರಂದ್ರ ಇಷ್ಟೂ ಮನಿ ನಮ್ಮವ," ಅಂದರು.

"ಉಡಿ ತುಂಬಿ ಕಳಿಸಿದ ಮ್ಯಾಲೆ ವೋಟು ಬ್ಯಾರೆಯವರಿಗೆ ಹಾಕ್ತಾರೇನು? ದೇವರು ಮೆಚ್ತಾನೇನು?" ಎಂದ ಇನ್ನೊಬ್ಬ.

ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿಯ ಬಣ್ಣ ನೋಡಿಯೇ ಯಾವ ಹೊಲದ್ದೆಂದು ಹೇಳುವ ಗಂಡಸರು ಇವರು. ಆದರೆ ತಮ್ಮ ಮನೆಯ ಖಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಹೆಂಗಸರಿಗೆಲ್ಲ ಗೊತ್ತು. ಉಡಿಗೆ ಬಂದ ಖಣವನ್ನು ಯಾರೂ ಹೊಲಿಸುವುದಿಲ್ಲ. ಅದು ಟ್ರಂಕಿನಲ್ಲಿ ಸ್ವಲ್ಪ ದಿನ ಮಲಗಿ, ಮುಂದಿನ ಮುತ್ತೈದೆಯ ಉಡಿಗೆ ಹೊರಡುತ್ತದೆ. ಆ ರಾಶಿಯಲ್ಲಿ ಒಂದು ನೀಲಿ ಖಣ ಇತ್ತು. ಅಂಚಿನಲ್ಲಿ ಅರಿಷಿಣದ ಕಲೆ. ಅದನ್ನು ಪಂಚಮಿಯಲ್ಲಿ ಅಕ್ಕನ ಉಡಿಗೆ ಹಾಕಿದವಳು ನಾನೇ. ಅಕ್ಕ ಅದನ್ನು ಯಾರಿಗೋ ಕೊಟ್ಟು, ಅವರು ಇನ್ಯಾರಿಗೋ ಕೊಟ್ಟು, ಓಣಿ ಸುತ್ತಿ ಈಗ ನನ್ನ ಪ್ರಚಾರಕ್ಕೆ ಬಂದಿತ್ತು. ನಾನು ಅದನ್ನು ಎತ್ತಿ ಟ್ರಂಕಿನಲ್ಲಿಟ್ಟೆ.

ಒಂದು ಮನೆಯಲ್ಲಂತೂ ಒಬ್ಬ ಹಿರಿಯ ಹೆಂಗಸು ಮುಚ್ಚುಮರೆಯಿಲ್ಲದೆ ಹೇಳಿದ್ದರು. "ನಿನ್ನಿ ಎದುರಿನ ಪಾರ್ಟಿಯಾಕಿ ಬಂದಿದ್ಲವಾ. ಆಕಿಗೂ ತುಂಬೇನಿ. ನೀವಿಬ್ಬರೂ ನಮ್ಮ ಓಣಿ ಲಕ್ಷ್ಮಿಯರ. ಲಕ್ಷ್ಮಿ ಬಂದಾಗ ಯಾ ಪಾರ್ಟಿ ಅಂತ ಕೇಳಾಕ ಬರತೈತೇನು?" ಈ ಮಾತನ್ನು ಯಜಮಾನರಿಗೆ ಹೇಳಿದೆ. ಅವರು, "ಅವರಿಗೆ ಸುಮ್ಮ ತುಂಬ್ಯಾರ, ನಮಗ ಮನಸ್ಸಿಲೆ ತುಂಬ್ಯಾರ," ಅಂದರು. ಅತ್ತೆ ಅಡುಗೆಮನೆಯಿಂದಲೇ, "ನಿನ್ನ ಹೇಣ್ತಿ ಮಾರಿ ನೋಡಿ ತುಂಬ್ಯಾರೋ, ನಿನ್ನ ಪಾರ್ಟಿ ನೋಡಿ ಅಲ್ಲ," ಅಂದರು. ಅದನ್ನೂ ಅವರು ಕೇಳಿಸಿಕೊಳ್ಳಲಿಲ್ಲ.

ಅವರ ಉತ್ಸಾಹ ಎಲ್ಲಿಗೆ ಹೋಯಿತೆಂದರೆ, ಪ್ರಚಾರವನ್ನು ರಾತ್ರಿ ಎಂಟೂವರೆಯ ಆಚೆಗೂ ಮುಂದುವರಿಸಿದರು. ನಾನು ಬೇಡವೆಂದು ಕೈ ಮುಗಿದು ಕೇಳಿಕೊಂಡೆ. ಆ ಹೊತ್ತಿನಲ್ಲಿ ಸಾಕ್ಷಾತ್ ದೇವರೇ ಬಂದರೂ ನಮ್ಮ ವಾರ್ಡಿನ ಹೆಂಗಸರು ಎದ್ದು ಬರುವವರಲ್ಲ. ಸಣ್ಣ ಸೊಸೆ ತಾಳಿಗಾಗಿ ತಿರುಗಿ ಬರುವ ದಿನವೇ ನಮ್ಮ ದಂಡು ಧ್ವನಿವರ್ಧಕ ಹಚ್ಚಿಕೊಂಡು ಓಣಿಯಲ್ಲಿ ನುಗ್ಗಿತು. ಬಾಗಿಲುಗಳು ಒಂದೊಂದಾಗಿ ಅರ್ಧ ತೆರೆದವು. "ಹಾಕ್ತೀವಿ ಹೋಗ್ರಿ, ಹಾಕ್ತೀವಿ," ಎಂದು ಒಳಗಿನಿಂದಲೇ ಕೂಗಿದರು. ಒಬ್ಬಾಕೆ ಹಣೆಗೆ ಕುಂಕುಮ ಹಚ್ಚುವಾಗ ಕಣ್ಣು ಟಿವಿಯ ಕಡೆ ಇಟ್ಟು ನನ್ನ ಹುಬ್ಬಿಗೆ ಹಚ್ಚಿದಳು. ನನಗೆ ಅವರಿಗಿಂತ ಹೆಚ್ಚು ಸಿಟ್ಟು. ನಾನೂ ಆ ಕಂತನ್ನು ನೋಡಬೇಕಾಗಿತ್ತಲ್ಲ.

ಆ ದಿನಗಳಲ್ಲಿ ಮನೆಯಲ್ಲೇ ಕೂತು ಧಾರಾವಾಹಿ ನೋಡಿದರೂ ಸುಖವಿರಲಿಲ್ಲ. ನಮ್ಮ ಟಿವಿಯ ಮಾತು, ಎದುರು ಮನೆಯ ಟಿವಿಯ ಅದೇ ಮಾತು, ಎರಡೂ ಓಣಿಯಲ್ಲಿ ಕೂಡಿಕೊಂಡು ಕೇಳುತ್ತಿದ್ದವು. ಅಳುವ ಜಾಗದಲ್ಲಿ ಅಕ್ಕ ಮೂಗು ಸೀಟುವುದು ನನಗೆ ಗೊತ್ತಾಗುತ್ತಿತ್ತು. ನನಗೂ ಅಳು ಬರುತ್ತಿತ್ತು, ಕಥೆಗಲ್ಲ. ಓಣಿಯ ಅಗಲ ಒಂದು ಚಕ್ಕಡಿ ಹೋಗುವಷ್ಟು. ಅಷ್ಟನ್ನು ದಾಟಲಾಗದೆ ಇಬ್ಬರೂ ಒಂದೇ ಕಥೆಯನ್ನು ಬೇರೆ ಬೇರೆ ಕೂತು ನೋಡುತ್ತಿದ್ದೆವು. ಇದು ಹೀಗೇ ಉಳಿದುಬಿಟ್ಟರೆ? ಗೆದ್ದರೆ ಅವರ ಕಡೆಯವರು ನಮ್ಮನ್ನು ದ್ವೇಷಿಸುತ್ತಾರೆ, ಸೋತರೆ ನಮ್ಮ ಯಜಮಾನರು ಆ ಮನೆಯ ಹೆಸರು ಎತ್ತಲು ಬಿಡುವುದಿಲ್ಲ. ಯಾವ ದಾರಿಯಿಂದ ಲೆಕ್ಕ ಹಾಕಿದರೂ ನನಗೆ ಅಕ್ಕ ಉಳಿಯುತ್ತಿರಲಿಲ್ಲ.

ಮತದಾನದ ದಿನ ಶಾಲೆಯ ಮತಗಟ್ಟೆಯ ಸಾಲಿನಲ್ಲಿ ಅಕ್ಕ ನನಗಿಂತ ಸ್ವಲ್ಪ ಮುಂದೆ ನಿಂತಿದ್ದರು. ಎರಡೂ ಪಕ್ಷದ ಗಂಡಸರು ಗೇಟಿನಾಚೆಯಿಂದ ನಮ್ಮನ್ನೇ ನೋಡುತ್ತಿದ್ದರು. ಅಕ್ಕ ತಿರುಗಿ ನೋಡಲಿಲ್ಲ. ಒಂದು ಸಲ ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಬೆನ್ನ ಹಿಂದೆ ಕೈ ತಂದು, ಬೆರಳಾಡಿಸಿ ಕರೆದಂತೆ ಮಾಡಿದರು. ಅದು ನನಗೆ ಮಾಡಿದ್ದೋ, ಬೆನ್ನು ತುರಿಸಿತ್ತೋ, ತಿಳಿಯಲಿಲ್ಲ. ಒಳಗೆ ಹೋಗಿ ಯಾರ ಗುಂಡಿ ಒತ್ತಿದೆ ಎಂಬುದನ್ನು ನಾನು ಇಂದಿಗೂ ಯಾರಿಗೂ ಹೇಳಿಲ್ಲ. ಇಲ್ಲೂ ಹೇಳುವುದಿಲ್ಲ.

ಎಣಿಕೆಯ ದಿನಕ್ಕೆ ನಮ್ಮ ಯಜಮಾನರು ಎಲ್ಲ ತಯಾರಿ ಮಾಡಿದ್ದರು. ರಾಣೆಬೆನ್ನೂರಿನಿಂದ ಹೂವಿನ ಹಾರ, ಬಾಜಾದವರು, ಗುಲಾಲಿನ ಚೀಲ. ನಾನು ಮನೆಯಲ್ಲಿದ್ದೆ. ಹನ್ನೊಂದರ ಸುಮಾರಿಗೆ ಫೋನ್ ಬಂತು.

"ಹೋತು," ಅಂದರು.

"ಯಾರು ಆರಿಸಿ ಬಂದ್ರು?"

"ಎದುರು ಮನಿ." ಆಮೇಲೆ, "ಉಡಿ ತುಂಬಿದವರೆಲ್ಲ ಎಲ್ಲಿ ಹೋದ್ರಲೇ?" ಅಂದರು. ಅವರ ದನಿ ಕೇಳಿ ನಿಜವಾಗಿಯೂ ಪಾಪ ಅನ್ನಿಸಿತು.

ಫೋನ್ ಇಟ್ಟು ಒಲೆಯ ಮುಂದೆ ಬಂದೆ. ಎದೆಯ ಮೇಲಿನ ಭಾರ ಇಳಿದಂತಾಗಿ, ಇಷ್ಟು ದಿನ ಸರಿಯಾಗಿ ಉಸಿರೇ ಆಡಿರಲಿಲ್ಲವೇನೋ ಅನ್ನಿಸಿತು. ನಾಳೆಯಿಂದ ಪಡಸಾಲೆಯಲ್ಲಿ ದಂಡು ಕೂರುವುದಿಲ್ಲ, ಚಹಾದ ಪಾತ್ರೆ ಒಲೆಯಿಂದ ಇಳಿಯುತ್ತದೆ, ಯಾರಿಗೂ ಕೈ ಮುಗಿಯಬೇಕಿಲ್ಲ. ಅತ್ತೆ ಬಂದು ನನ್ನ ಮುಖ ನೋಡಿ, "ನಗಬ್ಯಾಡವಾ, ಜನ ಸಮಾಧಾನ ಹೇಳಾಕ ಬರ್ತಾರ," ಅಂದರು. ಅವರೂ ನಗುತ್ತಿದ್ದರು. ನಾನು ರೊಟ್ಟಿ ಬಡಿಯಲು ಕೂತೆ. ಆದರೆ ಅರ್ಧ ಹೆದರಿಕೆ ಹಾಗೇ ಇತ್ತು. ಸೋತದ್ದಾಯಿತು, ಅಕ್ಕ?

ಮಧ್ಯಾಹ್ನ ಯಜಮಾನರು ತಮ್ಮ ನಾಲ್ಕು ಜನರ ಜೊತೆ ಬಂದು ಕಟ್ಟೆಯ ಮೇಲೆ ಕೂತರು. ಅಷ್ಟರಲ್ಲೇ ಮೆರವಣಿಗೆ ಓಣಿಗೆ ತಿರುಗಿತು. ಬಾರಿಸುತ್ತಿದ್ದವರು ನಾವು ಹೇಳಿಟ್ಟಿದ್ದ ಬಾಜಾದವರೇ. ಸೋತವರ ಬಾಗಿಲ ಮುಂದೆ ನಿಂತು ಪಟಾಕಿ ಹಚ್ಚುವುದು ನಮ್ಮ ಕಡೆ ಗೆದ್ದವರ ರೂಢಿ. ಜಗಳಗಳು ಹುಟ್ಟುವುದೂ ಅಲ್ಲೇ. ಹಿಂದಿನ ಓಣಿಯ ಮನೆಗಳೂ ಇಂಥದೇ ಒಂದು ಸರ ಪಟಾಕಿಯಿಂದ ಮಾತು ಬಿಟ್ಟಿದ್ದವು. ಜೀಪು ನಮ್ಮ ಬಾಗಿಲಿಗೆ ಬಂದು ನಿಂತಿತು. ಮೇಲೆ ಅಕ್ಕ, ಕೊರಳ ತುಂಬ ಹಾರ, ತಲೆಯಿಂದ ಕಾಲಿನವರೆಗೆ ಗುಲಾಲು, ಕಣ್ಣು ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ಅವರ ಯಜಮಾನರು ಎರಡು ಬೆರಳು ಎತ್ತಿಕೊಂಡು ನಿಂತಿದ್ದರು. ಯಾರೋ ಪಟಾಕಿಯ ಸರ ಬಿಚ್ಚಿದರು. ನಮ್ಮ ಯಜಮಾನರು ಎದ್ದು ನಿಂತರು. ಅವರ ಕುತ್ತಿಗೆಯ ನರ ಉಬ್ಬಿದ್ದು ನನಗೆ ಒಳಗಿನಿಂದಲೇ ಕಂಡಿತು. ರೊಟ್ಟಿ ಹೆಂಚಿನ ಮೇಲೆ ಸೀಯುತ್ತಿತ್ತು, ತಿರುವಿ ಹಾಕುವುದು ಮರೆತು ನಾನು ಬಾಗಿಲನ್ನೇ ನೋಡುತ್ತಿದ್ದೆ.

ಅಕ್ಕ ಜೀಪಿನಿಂದ ಇಳಿದರು. "ಎಲ್ಲಿ ಹೊಂಟಿ?" ಎಂದು ಅವರ ಯಜಮಾನರು ಮೇಲಿನಿಂದ ಕೇಳಿದರು. ಅಕ್ಕ ಪಟಾಕಿಯ ಸರ ದಾಟಿ, ನಮ್ಮ ಯಜಮಾನರ ಮುಂದೆಯೇ ಹಾಯ್ದು, ಹೊಸ್ತಿಲು ದಾಟಿ ಸೀದಾ ಅಡುಗೆಮನೆಗೆ ಬಂದರು. ಹಾರಗಳನ್ನೆಲ್ಲ ತೆಗೆದು ಬೀಸುಕಲ್ಲಿನ ಮೇಲೆ ಎಸೆದು, ನೆಲದ ಮೇಲೆ ಕೂತರು.

"ಮುಂಜಾನಿಂದ ಹೊಟ್ಟಿಗಿ ಏನಿಲ್ಲ ತಂಗಿ. ಉಂಡ್ಯೇನು ಅಂತ ಒಬ್ಬರರ ಕೇಳ್ಯಾರೇನು? ಮೊದಲ ಒಂದು ತಂಬಿಗಿ ನೀರು ಕೊಡು."

ತಂಬಿಗೆ ತುಂಬಿ ಕೊಟ್ಟೆ. ಅಕ್ಕ ಗಟಗಟ ಕುಡಿದರು. ಗುಲಾಲಿನ ನಡುವೆ ನೀರು ಇಳಿದು ಕೊರಳಲ್ಲಿ ಅವರ ಖರೇ ಬಣ್ಣ ಕಂಡಿತು. ಆಗ ನನಗೆ ಅಳು ಬಂತು. ಸುಖಕ್ಕೆ ಬಂದ ಅಳು, ಅದನ್ನು ತಡೆಯಲೂ ಇಲ್ಲ. ಅಕ್ಕ ನನ್ನ ಬೆನ್ನ ಮೇಲೆ ಒಂದು ಏಟು ಹಾಕಿ, "ಹುಚ್ಚಿ, ರೊಟ್ಟಿ ಸೀಯಾಕತ್ತೇತಿ ನೋಡು," ಅಂದರು. ತಾಟಿನಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮೊಸರು ಹಾಕಿಕೊಟ್ಟೆ. ಅತ್ತೆ ಮೂಲೆಯಲ್ಲಿ ಉಳ್ಳಾಗಡ್ಡಿ ಜಜ್ಜಿ ಕೊಟ್ಟರು.

ಹೊರಗೆ ಬಾಜಾ ನಿಂತಿತು. ಗೆದ್ದ ಅಭ್ಯರ್ಥಿ ಸೋತವರ ಮನೆಯೊಳಗೆ ಊಟಕ್ಕೆ ಕೂತ ಮೇಲೆ ಪಟಾಕಿ ಯಾರ ಮುಂದೆ ಹಚ್ಚಬೇಕೆಂದು ಅವರಿಗೆ ತಿಳಿಯಲಿಲ್ಲ. ಬಾಗಿಲ ಸಂದಿಯಿಂದ ಅತ್ತೆ ನೋಡಿ ಹೇಳಿದರು, ಇಬ್ಬರು ಗಂಡಸರೂ ಒಬ್ಬರು ಜೀಪಿನಲ್ಲಿ, ಒಬ್ಬರು ಕಟ್ಟೆಯಲ್ಲಿ, ಕೈ ಎಲ್ಲಿಡಬೇಕೆಂದು ತೋಚದೆ ನಿಂತಿದ್ದಾರೆಂದು. ಕೊನೆಗೆ ನಮ್ಮ ಯಜಮಾನರ ದನಿ ಕೇಳಿಸಿತು. "ಇಳಿದು ಬರ್ರಿ. ಬಿಸಿಲಾಗ ಯಾಕ ನಿಂತೀರಿ, ಚಹಾ ಕುಡೀರಿ." ಅವರ ಬಾಯಿಂದ ಆ ಮಾತು ಬರಲು ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ಆ ದಿನ ಅವರ ಮೇಲೆ ನನಗೆ ಹುಟ್ಟಿದ ಮಮತೆ ಅವರು ಗೆದ್ದಿದ್ದರೆ ಹುಟ್ಟುತ್ತಿರಲಿಲ್ಲ.

ಚಹಾಕ್ಕೆ ಇಟ್ಟೆ. ಅಕ್ಕ ಎರಡನೇ ರೊಟ್ಟಿ ಮುರಿಯುತ್ತಿದ್ದರು. ಅಷ್ಟರಲ್ಲಿ ಹೊರಗೆ ಯಾರೋ ಹೊಸಬ ಬಂದು ಗಟ್ಟಿಯಾಗಿ ಕೇಳಿದ.

"ಮೆಂಬರ್ ಸಾಹೇಬ್ರು ಎಲ್ಲ್ಯದಾರ? ನಮ್ಮ ಓಣಿ ನಳದ್ದು ಸ್ವಲ್ಪ ಹೇಳೂದಿತ್ತು."

"ನಾ ಇಲ್ಲೇ ಅದೀನಲ್ಲಪಾ, ಹೇಳು," ಎಂದರು ಅಕ್ಕನ ಯಜಮಾನರು.

ಅಕ್ಕನ ಕೈಯಲ್ಲಿದ್ದ ತುತ್ತು ಬಾಯಿಯ ಹತ್ತಿರವೇ ನಿಂತಿತು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಅವರ ಗುಲಾಲು ಮೆತ್ತಿದ ಮುಖದಲ್ಲಿ ಒಂದು ಗಳಿಗೆ ಏನೋ ಬಂದು ಹೋಯಿತು. ಆಮೇಲೆ ತುತ್ತನ್ನು ಬಾಯಿಗಿಟ್ಟು, ನಿಧಾನಕ್ಕೆ ಅಗಿದು ನುಂಗಿ, ತಾಟನ್ನು ನನ್ನ ಕಡೆ ಸರಿಸಿದರು.

"ಕೇಳ್ಕೊಳ್ಳಲಿ ಬಿಡು. ನಾಳೆ ಆ ನಳ ಎಲ್ಲೈತಿ ಅಂತ ನಮ್ಮ ಮನಿಯವರು ನನ್ನನ್ನ ಕೇಳಾಕ ಬರ್ತಾರ," ಅಂದರು. "ಇನ್ನೊಂದು ರೊಟ್ಟಿ ಹಾಕು."